ನೆಟ್ಟವರ ಹೆಸರು

ಪಾಲಿಕೆಯ ಹೊಸ ನಿಯಮ ಜೇಬಿನಲ್ಲಿದೆ, ನಾಲ್ಕು ಮಡಿಕೆಯಾಗಿ:
ಹುಲ್ಲುಹಾಸು ಹತ್ತಡಿಗೆ ಹತ್ತಡಿ ಮೀರಕೂಡದು.
ಅಂಗಳದ ಅರ್ಧ ಈ ಸೀಮೆಯ ಗಿಡಕ್ಕೆ ಬಿಡತಕ್ಕದ್ದು.
ಶಿವರಾತ್ರಿ ಕಳೆದು ಮೊದಲ ಮಳೆ ಬೀಳುವ ತನಕ
ನಲ್ಲಿ ನೀರು ಬೇರಿಗೆ ಹೋಗತಕ್ಕದ್ದಲ್ಲ.
ಕೈಯಲ್ಲಿ ಟೇಪು. ಮೊದಲ ಮೂರಿಂಚು ಮುರಿದು ಹೋಗಿದೆ,
ಎಲ್ಲರ ಹುಲ್ಲೂ ಮೂರಿಂಚು ಹೆಚ್ಚೇ ಬರುತ್ತದೆ,
ನಾನೇ ಮನಸ್ಸಿನಲ್ಲಿ ಕಳೆದುಕೊಳ್ಳುತ್ತೇನೆ.

ಗೋಪಾಳದ ಕೊನೆಯ ತಿರುವಿನಲ್ಲಿ
ಬ್ಯಾಂಕಿನ ಷಡಕ್ಷರಪ್ಪನವರು ಗೇಟಿಗೇ ಬಂದರು.
“ಬರ ಅಂತೀರಲ್ರೀ, ಆಗುಂಬೆ ಎಷ್ಟು ದೂರ ಇಲ್ಲಿಂದ?
ಜುಲೈಯಲ್ಲಿ ಬನ್ನಿ, ನನ್ನ ಚಪ್ಪಲಿಗೂ ಪಾಚಿ ಹಿಡಿದಿರುತ್ತೆ.”
ಜುಲೈಯಲ್ಲೂ ಬಂದಿದ್ದೆ ಸಾರ್, ಚರಂಡಿ ಅಳೆಯಲು.
ಈಗ ಏಪ್ರಿಲ್. ನಲ್ಲಿ ತಿರುಗಿಸಿದರೆ
ಕೆಮ್ಮಿ, ಕ್ಯಾಕರಿಸಿ, ಒಂದಿಷ್ಟು ಗಾಳಿ ಬಿಟ್ಟು
ಅರ್ಧ ಕೊಡ ತುಂಗೆ ಬರುತ್ತಾಳೆ, ದಿನ ಬಿಟ್ಟು ದಿನ.
ಅವರ ಹುಲ್ಲು ಮಾತ್ರ ಹಸಿರು, ಮದುವೆಮನೆ ಜಮಖಾನದ ಹಸಿರು.
ಜಮಖಾನವಾದರೆ ಜನ ಕೂರುತ್ತಾರೆ.

ಎದುರು ಮನೆ ಖೈರುನ್ನೀಸಾ ಅವರದು. ಅಂಗಳಕ್ಕಿಂತ ಡಬ್ಬಿ ಹೆಚ್ಚು:
ಎಣ್ಣೆ ಡಬ್ಬಿ, ಬಣ್ಣದ ಡಬ್ಬಿ, ಹಿಡಿ ಹೋದ ಕುಕ್ಕರು,
ಎಲ್ಲದರಲ್ಲೂ ಕಾಗದದ ಹೂ.
ಇದು ಪಟ್ಟಿಯಲ್ಲಿಲ್ಲ, ಹೊರದೇಶದ್ದು, ಎಂದೆ.
“ವಾರಕ್ಕೊಂದು ಚೊಂಬು ಸಾಕು ಇದಕ್ಕೆ, ಅದೂ ಅಕ್ಕಿ ತೊಳೆದದ್ದು.
ನಾನು ಮದುವೆಯಾಗಿ ಬರೋಕೆ ಮುಂಚೆ ಇಲ್ಲಿತ್ತು.
ಇನ್ನೆಷ್ಟು ವರ್ಷ ಆದರೆ ಊರಿನದ್ದು ಅಂತ ಬರಕೊಳ್ತೀರಿ?”
ನಿಯಮದಲ್ಲಿ ವರ್ಷ ಕೊಟ್ಟಿಲ್ಲ.
ಡಬ್ಬಿಗಳನ್ನು ಎಣಿಸಿದ ಹಾಗೆ ಮಾಡಿ
ಚಹಾ ಕುಡಿದು ಬಂದೆ.

ಪಕ್ಕದಲ್ಲಿ ಖಾಲಿ ಸೈಟು, ನೂರಾ ಹದಿನಾಲ್ಕು.
ಮಾಲೀಕರಿಗೆ ಕಳಿಸಿದ ಕಾಗದ ಮೂರು ಸಲ ವಾಪಸು.
ಹೋದ ವರ್ಷ ಅದರ ಗಡಿಕಲ್ಲಿಗೆ ನಾನೇ ಅಂಟಿಸಿದ್ದೆ:
ಕಳೆ ತೆಗೆಸದಿದ್ದರೆ ಐನೂರು ದಂಡ.
ಅಂಟು ಇನ್ನೂ ಇದೆ. ಅಕ್ಷರ ಮಳೆ ತಿಂದಿದೆ.
ಈ ಸಲ ಪಟ್ಟಿ ಹಿಡಿದು ಒಳಗೆ ಕಾಲಿಟ್ಟರೆ
ಮುಳ್ಳೊಂದು ಪ್ಯಾಂಟು ಹಿಡಿದು ನಿಲ್ಲಿಸಿತು.
ಲ್ಯೂಕಾಸ್ ಆಸ್ಪೆರಾ. ವೈಟೆಕ್ಸ್ ನೆಗುಂಡೊ.
ಬಾಯಲ್ಲಿ ಬಿಸಿ ಹುರುಳಿಕಾಳು ಹಾಕಿಕೊಂಡ ಹಾಗೆ ಓದುತ್ತಿದ್ದೆ.

“ಏನ್ ಹುಡುಕ್ತೀಯ ತಮ್ಮಾ?”
ಬಂಗಾರಕ್ಕ. ಷಡಕ್ಷರಪ್ಪನವರ ಹುಲ್ಲಿನ ಕಳೆ ತೆಗೆಯುವವಳು.
ಸೊಂಟದಲ್ಲಿ ಕುಡುಗೋಲು, ದವಡೆಯಲ್ಲಿ ಕವಳ.
ಚಿತ್ರ ತೋರಿಸಿದೆ. ಅವಳು ಕೈಚಾಚುತ್ತಾ ಹೋದಳು,
ನೆಂಟರ ಮನೆ ಜಗಲಿಯಲ್ಲಿ ಪರಿಚಯ ಹೇಳುವ ಹಾಗೆ:
ಇವಳು ತುಂಬೆ, ಸತ್ತಿಲ್ಲ, ಮಲಗಿದ್ದಾಳೆ.
ಅದು ಲಕ್ಕಿ, ಬಾಣಂತಿ ನೀರಿಗೆ ಹಾಕೋದು.
ನಿನ್ನ ಪ್ಯಾಂಟು ಹಿಡಿದವನು ಕೌಳಿ,
ಒಂದು ತಿಂಗಳು ತಾಳು, ಹಣ್ಣು ಕೊಡ್ತಾನೆ.
ಕಲ್ಲಿಗೊರಗಿ ಕೆಂಪಗಿದೆಯಲ್ಲ, ಕೇಪಳ.
ಉತ್ತರಾಣಿ ಎಲ್ಲಿ ಅಂತೀಯಾ? ಕೆಳಗೆ ನೋಡು,
ಆಗಲೇ ನಿನ್ನ ಕಾಲುಚೀಲ ಹತ್ತಿ ಕೂತಿದೆ, ಪ್ರಯಾಣಕ್ಕೆ.

ನೀರು ಹಾಕಿದವರಿಲ್ಲ. ಬೇಲಿ ಕಟ್ಟಿದವರಿಲ್ಲ.
ನಿಯಮದ ಒಂದೊಂದು ಸಾಲನ್ನೂ ಪಾಲಿಸಿದ ಜಾಗ
ಇಡೀ ವಾರ್ಡಿನಲ್ಲಿ ಇದೊಂದೇ.
ಫಾರಂ ತೆಗೆದು ಬರೆದೆ. ಗಿಡ. ಎತ್ತರ. ಸಂಖ್ಯೆ.
ನೆಟ್ಟವರ ಹೆಸರು:
ಪೆನ್ನು ಅಲ್ಲೇ ನಿಂತಿತು.

“ನಂದೇ ಬರಿ.”
ನೀನೆಲ್ಲಿ ನೆಟ್ಟೆ ಬಂಗಾರಕ್ಕ?
“ನೆಟ್ಟಿಲ್ಲ. ನಿನ್ನ ನೋಟೀಸು ನೋಡಿ ಹೋದ ವರ್ಷ ಷಡಕ್ಷರಪ್ಪನೋರು
ಇದನ್ನೆಲ್ಲ ಕಿತ್ತು ಹಾಕು ಅಂದ್ರು, ನಾನೂರು ರೂಪಾಯಿ.
ಕೈ ಏಳಲಿಲ್ಲ. ಸೊಂಟ ನೋವು ಅಂದೆ.
ಕಿತ್ತಿದ್ದರೆ ನಾನೂರು ಆಗಿತ್ತಲ್ಲಪ್ಪ,
ಕೀಳದೆ ಇದ್ದದ್ದಕ್ಕೆ ಎಷ್ಟು ಕೊಡ್ತೀಯ?”

ಹಾಳೆ ತಿರುಗಿಸಿ ನೋಡಿದೆ. ಹಿಂಬದಿ ಬಿಳಿ.
ಕಾಂಪೌಂಡಿನಾಚೆ ಪೈಪು ಮೆಲ್ಲಗೆ ಬುಸುಗುಡತೊಡಗಿತ್ತು.
ಅವಳು ಕವಳ ಉಗಿದು, ಸೆರಗು ಸಿಕ್ಕಿಸಿ,
ತುಂಬೆಯ ಬುಡ ತಪ್ಪಿಸಿ ಕಾಲಿಡುತ್ತಾ
ಆ ಹುಲ್ಲಿನ ನಡುವೆ ಹುಟ್ಟಿದ ಗರಿಕೆ
ಕೀಳಲು ಹೋದಳು.